ಐಡಿಇ ಹಾರ್ಡ್ ಡಿಸ್ಕ್ ಅಳವಡಿಕೆ

ಐಡಿಇ ಹಾರ್ಡ್ ಡಿಸ್ಕ್ ಎಂಬುದು 2003ರಲ್ಲಿ ಸಾಟಾ ಮಾದರಿಯು ಬರುವ ಮೊದಲು ಡೆಸ್ಕ್‌ಟಾಪ್ ಗಣಕಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ದತ್ತಾಂಶ ಸಂಗ್ರಹ ಸಾಧನ. ಇದನ್ನು 40 ಪಿನ್ನುಗಳ ಚಪ್ಪಟೆ ಕೇಬಲ್ಲಿನ ಮೂಲಕ ಮದರ್‌ಬೋರ್ಡಿಗೆ ಜೋಡಿಸಲಾಗುತ್ತದೆ. ಒಂದೇ ಕೇಬಲ್ಲಿಗೆ ಎರಡು ಡಿಸ್ಕುಗಳನ್ನು ಜೋಡಿಸುವಾಗ, ಒಂದನ್ನು 'ಮಾಸ್ಟರ್' ಎಂದೂ ಇನ್ನೊಂದನ್ನು 'ಸ್ಲೇವ್' ಎಂದೂ ಹಿಂಬದಿಯಲ್ಲಿರುವ ಜಂಪರ್ ಎಂಬ ಪುಟ್ಟ ತುಂಡಿನಿಂದ ನಿಗದಿಪಡಿಸಬೇಕು. ಜಂಪರಿನ ಸ್ಥಾನಗಳ ವಿವರವು ಸಾಮಾನ್ಯವಾಗಿ ಡಿಸ್ಕಿನ ಮೇಲಿನ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ. ಎರಡನ್ನೂ ಮಾಸ್ಟರ್ ಆಗಿಸಿದರೆ ಗಣಕವು ಅವುಗಳನ್ನು ಗುರುತಿಸದೆ ಹೋಗಬಹುದು. ಆಗ ಹಳೆಯ ಡಿಸ್ಕ್ ಕೆಟ್ಟಿತೆಂದು ಎಸೆಯುವುದು ಅವಸರದ ಕೆಲಸ. ಒಳಗಿನ ಕಡತಗಳು ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತವೆ. ವಿದ್ಯುತ್ ಸಂಪರ್ಕವನ್ನು ತೆಗೆದು ಮೊದಲು ಜಂಪರನ್ನು, ಅನಂತರ ಕೇಬಲ್ಲನ್ನು ಪರೀಕ್ಷಿಸಬೇಕು. ಕೇಬಲ್ಲಿನ ಬಣ್ಣದ ಅಂಚು 1ನೇ ಪಿನ್ನಿನ ಕಡೆಗಿರಬೇಕು. ಬಹುತೇಕ ಡಿಸ್ಕುಗಳಲ್ಲಿ ಆ ಪಿನ್ನು ವಿದ್ಯುತ್ ತಂತಿ ಸೇರುವ ಬದಿಗೆ ಇರುತ್ತದೆ.