ಕಟ್ಟೆ ಮತ್ತು ಕಾಯಿದೆ: ವಿಶ್ವವಿದ್ಯಾಲಯದ ಸ್ವಾಯತ್ತತೆಯ ಪ್ರಶ್ನೆ

ಹಳ್ಳಿಯ ಕಟ್ಟೆಯನ್ನು ಪ್ರಜಾಸತ್ತೆಯ ಮೂಲಮಾದರಿಯೆಂದು ಬಣ್ಣಿಸುವುದು ಜಾನಪದ ಬರವಣಿಗೆಯಲ್ಲಿ ಒಂದು ರೂಢಿಯಾಗಿದೆ. ಊರಿನ ವ್ಯಾಜ್ಯವನ್ನು ಊರೇ ತೀರ್ಮಾನಿಸುತ್ತಿತ್ತು ಎಂಬುದು ಬಹುಮಟ್ಟಿಗೆ ನಿಜ. ಆದರೆ ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು, ದೂರದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರು ಯಾರು, ಹೆಂಗಸರ ಮಾತು ಅಲ್ಲಿಗೆ ತಲುಪುತ್ತಿತ್ತೇ ಎಂದು ಕೇಳಿದೊಡನೆ ಚಿತ್ರ ಬದಲಾಗುತ್ತದೆ. ಕಟ್ಟೆಗೆ ಸ್ವಾಯತ್ತತೆ ಇತ್ತು, ಪ್ರಜಾಸತ್ತೆ ಇರಲಿಲ್ಲ. ವಿಶ್ವವಿದ್ಯಾಲಯಗಳನ್ನು ಕುರಿತ ಚರ್ಚೆಯಲ್ಲಿಯೂ ಈ ಎರಡು ಸಂಗತಿಗಳು ಪದೇ ಪದೇ ಕಲಸಿಹೋಗಿವೆ.

ಇವೆರಡನ್ನೂ ಒಟ್ಟಿಗೆ ನೋಡಿದ್ದು 1964–66ರ ಕೊಠಾರಿ ಆಯೋಗ. ವಿದ್ಯಾರ್ಥಿಗಳ ಆಯ್ಕೆ, ಅಧ್ಯಾಪಕರ ನೇಮಕ, ಪಠ್ಯಕ್ರಮ ಮತ್ತು ಸಂಶೋಧನೆಯ ನಿರ್ಧಾರಗಳು ವಿಶ್ವವಿದ್ಯಾಲಯದ ಕೈಯಲ್ಲಿರಬೇಕೆಂದ ಆಯೋಗ, ಅದರೊಳಗಿನ ವಿಭಾಗಗಳಿಗೆ, ಕಾಲೇಜುಗಳಿಗೆ, ಅಧ್ಯಾಪಕ–ವಿದ್ಯಾರ್ಥಿಗಳಿಗೆ ಸಲ್ಲಬೇಕಾದ ಸ್ವಾಯತ್ತತೆಯನ್ನೂ ಹೆಸರಿಸಿತು. ಮೊದಲನೆಯ ಮಾತನ್ನು ಎಲ್ಲರೂ ನೆನೆಯುತ್ತಾರೆ. ಎರಡನೆಯದನ್ನು ನೆನೆಯುವವರು ವಿರಳ.

ಕರ್ನಾಟಕದ ಅನುಭವ ಇದಕ್ಕೆ ಸಾಕ್ಷಿ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಸಂಸ್ಥಾನದ ಹಿರಿಯ ಅಧಿಕಾರಿ ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ನಂಜುಂಡಯ್ಯನವರೇ ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆಯನ್ನು ಕೈಗೊಂಡವರೆಂಬುದು ಜಾನಪದ ಅಧ್ಯಯನಕಾರರಿಗೆ ಸ್ವಾರಸ್ಯದ ಸಂಗತಿ. ಹೀಗೆ ಜನಸಮುದಾಯಗಳು ಮೊದಲು ವಿದ್ವತ್ತಿನ ಅಂಗಳಕ್ಕೆ ಬಂದದ್ದು ಅಧ್ಯಯನದ ವಸ್ತುವಾಗಿ. ಆ ಅಂಗಳದಲ್ಲಿ ಮಾತನಾಡುವ ಹಕ್ಕು ಅವುಗಳಿಗೆ ಒದಗಲು ಬಹುಕಾಲ ಹಿಡಿಯಿತು. ಪೂರ್ತಿಯಾಗಿ ಒದಗಿತೆಂದು ಇಂದಿಗೂ ಹೇಳಲಾಗದು.

1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಲ್ಲಿ ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತುಗಳ ಜೊತೆಗೆ ಸೆನೆಟ್ ಎಂಬ ವಿಶಾಲ ಸಭೆಯೂ ಇತ್ತು. 2000ದ ಕಾಯಿದೆ ಸೆನೆಟ್ಟನ್ನು ಕೈಬಿಟ್ಟಿತು. ಸೆನೆಟ್ ಗದ್ದಲದ ಸಂತೆಯಾಗಿತ್ತೆಂಬ ದೂರು ನಿರಾಧಾರವಾದುದಲ್ಲ. ಆದರೂ ಕುಲಪತಿಯನ್ನು ಬಹಿರಂಗವಾಗಿ ಪ್ರಶ್ನಿಸಬಹುದಾಗಿದ್ದ ಒಂದು ವೇದಿಕೆ ಅದರೊಡನೆ ಹೋಯಿತು. ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರಿಗೆ ತೂಕ ಬಂದಿತು; ಸರ್ಕಾರ ಬದಲಾದಾಗ ಅವರೂ ಬದಲಾಗುವುದು ವಾಡಿಕೆಯಾಯಿತು. ಇಲ್ಲಿ ಅವಸರದ ತೀರ್ಪು ಸಲ್ಲದು. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಮಹಿಳೆಯರಿಗೆ ಸಿಂಡಿಕೇಟಿನಲ್ಲಿ ಸ್ಥಾನ ಖಚಿತವಾದದ್ದು ಈ ನಾಮನಿರ್ದೇಶನದ ಮೂಲಕವೇ. ಪ್ರಾತಿನಿಧ್ಯ ದೊರೆಯಿತು, ಆದರೆ ಪ್ರತಿನಿಧಿ ಉತ್ತರ ಹೇಳಬೇಕಾದದ್ದು ಮಾತ್ರ ತನ್ನನ್ನು ನೇಮಿಸಿದವರಿಗೆ. ವಿದ್ಯಾರ್ಥಿಗಳ ಪಾಡು ಇನ್ನೂ ತೆಳುವಾದುದು. 1980ರ ದಶಕದ ಕೊನೆಯಲ್ಲಿ ನಿಂತ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ದಶಕಗಳ ಕಾಲ ಮತ್ತೆ ನಡೆಯಲಿಲ್ಲ.

ಕುಲಪತಿಯ ಆಯ್ಕೆಯಲ್ಲಿಯೂ ಇದೇ ಜಗ್ಗಾಟ. 2000ದ ಕಾಯಿದೆಯ ಪ್ರಕಾರ ಕುಲಾಧಿಪತಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗ, ರಾಜ್ಯ ಸರ್ಕಾರ ಮತ್ತು ಸಿಂಡಿಕೇಟುಗಳ ಒಬ್ಬೊಬ್ಬ ಸದಸ್ಯರ ಶೋಧನಾ ಸಮಿತಿ ಹೆಸರುಗಳ ಪಟ್ಟಿ ನೀಡುತ್ತದೆ. ಸರ್ಕಾರದ ಸಹಮತಿಯೊಡನೆ ಕುಲಾಧಿಪತಿ ನೇಮಿಸುತ್ತಾರೆ. 2025ರ ಜನವರಿಯಲ್ಲಿ ಆಯೋಗ ಹೊರಡಿಸಿದ ಕರಡು ನಿಯಮಾವಳಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಸದಸ್ಯರನ್ನು ಹೊರಗಿಟ್ಟಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಪ್ರತಿಭಟಿಸಿದವು. ವಾದವೆಲ್ಲ ದೆಹಲಿಯ ಕೈ ಮೇಲೋ ಬೆಂಗಳೂರಿನ ಕೈ ಮೇಲೋ ಎಂಬುದರ ಸುತ್ತ ನಡೆಯಿತು. ತರಗತಿಯಲ್ಲಿ ನಿಂತು ಪಾಠ ಹೇಳುವವರ ಅಭಿಪ್ರಾಯಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ ಬದಿಗೆ ಸರಿಯಿತು.

ಜಾನಪದ ಅಧ್ಯಯನದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ದೇಸಿ ಜ್ಞಾನವನ್ನೇ ತನ್ನ ಸಂಶೋಧನೆಯ ತಳಹದಿಯೆಂದು ಸಾರಿತು. ಅಕ್ಷರ ಬಾರದಿದ್ದರೂ ಮಹಾಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದ ಬುರ್ರಕಥೆಯ ದರೋಜಿ ಈರಮ್ಮನವರಿಗೆ ಅದು ನಾಡೋಜ ಗೌರವ ನೀಡಿದ್ದು ನಾಡಿನ ವಿಶ್ವವಿದ್ಯಾಲಯಗಳ ಇತಿಹಾಸದಲ್ಲಿ ಚಿಕ್ಕ ಮಾತಲ್ಲ. ಆದರೆ ನಾಡೋಜ ಸಂದದ್ದು ಘಟಿಕೋತ್ಸವದ ವೇದಿಕೆಯಲ್ಲಿ. ಪಠ್ಯ ಯಾವುದು, ಪರೀಕ್ಷೆ ಹೇಗೆ, ಯಾವ ಸಂಶೋಧನೆಗೆ ಹಣ ಎಂಬುದು ನಿರ್ಧಾರವಾಗುವುದು ಬೇರೆ ಕೋಣೆಗಳಲ್ಲಿ. ಅಧ್ಯಯನ ಮಂಡಳಿ ಎಂಬುದು ಸಾಮಾನ್ಯವಾಗಿ ಅಧ್ಯಾಪಕರ ಮತ್ತು ಪದವೀಧರ ವಿಷಯತಜ್ಞರ ಸಭೆ. ಕಲಾವಿದರಿಗೆ ಅಲ್ಲಿ ನಿಶ್ಚಿತ ಸ್ಥಾನವಿಲ್ಲ. ವಿದ್ಯಾರ್ಥಿ ನೂರು ಪುಟ ಬರೆಯಬಹುದಾದ ಕಥನದ ಒಡತಿ, ಆ ಕಥನವನ್ನು ಹೇಗೆ ಕಲಿಸಬೇಕೆಂದು ಹೇಳಲಾರಳು. ಹಣದ ವಿಷಯದಲ್ಲಿ ವಿಶ್ವವಿದ್ಯಾಲಯವೂ ಅಷ್ಟೇ ಪರಾಧೀನ. ಪ್ರತ್ಯೇಕ ಕಾಯಿದೆಯಿದ್ದರೂ ಅನುದಾನ ಸೊರಗಿದಾಗ ಕನ್ನಡ ವಿಶ್ವವಿದ್ಯಾಲಯ ಪಟ್ಟ ಬವಣೆಯನ್ನು 2020ರ ನಂತರ ನಾಡೇ ಕಂಡಿತು.

2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವೂ ಬಂದಿತು. ಅನುದಾನಕ್ಕೆ, ಹುದ್ದೆಗಳ ಭರ್ತಿಗೆ ಇಂಥ ಸಂಸ್ಥೆಗಳು ಸರ್ಕಾರದತ್ತ ನೋಡುವುದು ಅನಿವಾರ್ಯ. ಆದರೆ ಪಠ್ಯ ರೂಪಿಸುವ ಸಭೆಗೆ ಹಾಡುಗಾರ್ತಿಯೊಬ್ಬಳನ್ನೋ ತೊಗಲುಗೊಂಬೆಯವನೊಬ್ಬನನ್ನೋ ಆಹ್ವಾನಿತರಾಗಿ ಕರೆಯಲು, ಅವರ ಮಾತನ್ನು ನಡವಳಿಯಲ್ಲಿ ಬರೆದುಕೊಳ್ಳಲು ಯಾವ ತಿದ್ದುಪಡಿಯೂ ಬೇಕಿಲ್ಲ. ಒಂದು ವಿಭಾಗ ಮನಸ್ಸು ಮಾಡಿದರೆ ಮುಂದಿನ ಸಭೆಯಲ್ಲೇ ಆಗಬಹುದಾದ ಕೆಲಸವದು.