ಜೀವಕೋಶಗಳ ವಂಶಾವಳಿ

ಕುಷ್ಟಗಿಯಂಥ ಸೀಮೆಗಳ ಹಳ್ಳಿಗಳಲ್ಲಿ ಹೆಳವರು ಮನೆಬಾಗಿಲಿಗೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಳ ಕ್ರಮದಲ್ಲಿ ಹೇಳುವುದನ್ನು ಅನೇಕರು ಕೇಳಿರಬಹುದು. ನಮ್ಮ ದೇಹದ ಕೋಟ್ಯನುಕೋಟಿ ಜೀವಕೋಶಗಳಿಗೂ ಇಂಥದೊಂದು ವಂಶಾವಳಿಯುಂಟು. ಅವೆಲ್ಲವೂ ಒಂದೇ ಒಂದು ಫಲಿತಾಂಡದಿಂದ ವಿಭಜನೆ ಹೊಂದುತ್ತ ಬಂದವುಗಳಷ್ಟೆ. ಆದರೆ ಭ್ರೂಣದ ಯಾವ ಕೋಶದ ಸಂತತಿ ಸ್ನಾಯುವಾಯಿತು, ಯಾವುದರದು ನರವಾಯಿತು? ಇದನ್ನು ಅರಿಯುವುದು ಹೇಗೆ?

ದೇಹ ಪಾರದರ್ಶಕವಾಗಿದ್ದು ಕೋಶಗಳು ಕೆಲವೇ ಆಗಿದ್ದರೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ವಂಶವನ್ನು ಬರೆದಿಡಬಹುದು. ಸುಮಾರು ಒಂದು ಮಿಲಿಮೀಟರ್ ಉದ್ದ ಬೆಳೆಯುವ ದುಂಡುಹುಳುವೊಂದರ ಭ್ರೂಣಕೋಶಗಳ ಸಂಪೂರ್ಣ ವಂಶಾವಳಿಯನ್ನು ಜಾನ್ ಸಲ್ಸ್ಟನ್ ಮತ್ತು ಸಂಗಡಿಗರು 1983ರಲ್ಲಿ ಹೀಗೆಯೇ ಪ್ರಕಟಿಸಿದರು. ಉಳಿದ ಬಹುಪಾಲು ಪ್ರಾಣಿಗಳಲ್ಲಿ ಕೋಶಕ್ಕೆ ಗುರುತು ಹಾಕಲೇಬೇಕು. ಬಣ್ಣ ಹಚ್ಚಿದರೆ ಅದು ಪ್ರತಿ ವಿಭಜನೆಯಲ್ಲಿಯೂ ಹಂಚಿಹೋಗಿ ತೆಳುವಾಗುತ್ತದೆ. ಅನುವಂಶಿಕ ವಸ್ತುವಿನಲ್ಲಿಯೇ ಹಾಕಿದ ಗುರುತಾದರೋ ಕೋಶದೊಡನೆ ತಾನೂ ಇಮ್ಮಡಿಸುವುದರಿಂದ ಮಾಸುವುದಿಲ್ಲ.

ಕಳಿತ ಬಾಳೆಹಣ್ಣನ್ನು ಮುತ್ತುವ ಪುಟ್ಟ ಹಣ್ಣುನೊಣವನ್ನು ನಾವೆಲ್ಲರೂ ಬಲ್ಲೆವು. ಹಸುರು ಬೆಳಕು ಸೂಸುವ ಪ್ರೋಟೀನಿನ ಜೀನನ್ನು ಇದರ ಕೋಶಗಳಲ್ಲಿ ಸೇರಿಸಿ, ಅದು ಪ್ರಕಟವಾಗದಂತೆ ತಡೆದಿಡುತ್ತಾರೆ. ಮರಿಹುಳುವಿಗೆ ಸ್ವಲ್ಪ ಹೊತ್ತು ಶಾಖ ಕೊಟ್ಟಾಗ, ವಿಭಜಿಸುತ್ತಿರುವ ಎಲ್ಲೋ ಕೆಲವು ಕೋಶಗಳ ಮರಿಕೋಶದಲ್ಲಿ ಆ ತಡೆ ಕಳಚುತ್ತದೆ. ಅಲ್ಲಿಂದ ಮುಂದೆ ಆ ಕೋಶದ ಸಂತತಿಯೆಲ್ಲವೂ ಹಸುರಾಗಿ ಹೊಳೆಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಮತ್ತು ಸಹೋದ್ಯೋಗಿಗಳು ಈ ವಿಧಾನದಿಂದ ನೊಣದ ಹಾರುವ ಸ್ನಾಯುಗಳ ಮೂಲವನ್ನು ಅರಸಿದರು. 2014ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ: ಭ್ರೂಣದಲ್ಲಿಯೇ ಕೆಲವು ಕೋಶಗಳು ಸ್ನಾಯುವಾಗದೆ ಮೀಸಲಾಗಿ ಉಳಿಯುತ್ತವೆ. ಮರಿಹುಳುವಿನಲ್ಲಿ ಇವು ಮೊದಲು ತಮ್ಮಂಥವೇ ಎರಡೆರಡಾಗಿ ಒಡೆದು ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಅನಂತರ ಕ್ರಮ ಬದಲಾಗುತ್ತದೆ; ಪ್ರತಿ ವಿಭಜನೆಯಲ್ಲಿ ಒಂದು ಮರಿಕೋಶ ತಾಯಿಯಂತೆಯೇ ಉಳಿದರೆ, ಇನ್ನೊಂದು ಸ್ನಾಯು ಕಟ್ಟಲು ಹೊರಡುತ್ತದೆ. ಹೀಗೆ ರೆಕ್ಕೆಯ ಭಾಗದಲ್ಲಿ 2,500ಕ್ಕೂ ಹೆಚ್ಚು ಕೋಶಗಳು ಸಿದ್ಧವಾಗುತ್ತವೆ.

ಸ್ನಾಯು ಪೂರ್ತಿಯಾದ ಮೇಲೆ ಆ ತಾಯಿಕೋಶಗಳ ಸಂತತಿ ಎಲ್ಲಿ ಹೋಯಿತು? ಅದೇ ಪ್ರಯೋಗಶಾಲೆ 2017ರಲ್ಲಿ ಉತ್ತರ ಕೊಟ್ಟಿತು. ಕೆಲವು ಕೋಶಗಳು ಬೆಳೆದ ನೊಣದ ಸ್ನಾಯುತಂತುಗಳಿಗೆ ಅಂಟಿಕೊಂಡು ಸುಮ್ಮನಿರುತ್ತವೆ. ತಂತುವಿಗೆ ಗಾಯವಾದೊಡನೆ ಎಚ್ಚೆತ್ತು, ವಿಭಜಿಸಿ, ಅದರೊಡನೆ ಬೆರೆಯುತ್ತವೆ. ಮನುಷ್ಯರ ಸ್ನಾಯುಗಳಲ್ಲಿಯೂ ಇಂಥ ಕಾವಲು ಕೋಶಗಳುಂಟು. ಮುಪ್ಪಿನಲ್ಲಿ ಅವುಗಳ ಶಕ್ತಿ ಕುಂದುತ್ತದೆ. ಅದರ ಕಾರಣವನ್ನು ಹುಡುಕುವವರಿಗೆ ಈ ಪುಟ್ಟ ನೊಣದ ವಂಶಾವಳಿಯೂ ಒಂದು ದಾರಿಯನ್ನು ತೆರೆದಿದೆ.