ವಿದ್ಯಾರ್ಥಿಗಳ ಸಂಖ್ಯೆಯೂ ವಿದ್ಯೆಯ ಗುಣವೂ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಉನ್ನತ ಶಿಕ್ಷಣವು ಕೆಲವರ ಭಾಗ್ಯವಾಗಿತ್ತು. 2021-22ರ ಸಮೀಕ್ಷೆಯಂತೆ ದೇಶದ ಉನ್ನತ ಶಿಕ್ಷಣದಲ್ಲಿ 4.33 ಕೋಟಿ ವಿದ್ಯಾರ್ಥಿಗಳಿದ್ದರು. ಒಟ್ಟು ದಾಖಲಾತಿಯ ಪ್ರಮಾಣ ಶೇಕಡಾ 28.4. 2035ರೊಳಗೆ ಇದು 50ಕ್ಕೇರಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ರೈತರ, ಕೂಲಿಕಾರರ ಮಕ್ಕಳು ಕಾಲೇಜಿನ ಹೊಸ್ತಿಲು ದಾಟಿದುದನ್ನು ಹಳಿಯುವವರ ಪಂಕ್ತಿಯಲ್ಲಿ ನಾನಿಲ್ಲ.

ಆದರೆ ಹಳಗನ್ನಡದ ಒಂದು ಕಂದಪದ್ಯವನ್ನು ಕಲಿಸುವುದೆಂದರೆ ಪ್ರತಿಯೊಬ್ಬರಿಂದಲೂ ಓದಿಸಿ, ಪದ ಬಿಡಿಸಿ, ಅನ್ವಯ ಮಾಡಿಸಿ, ಬರೆದುದನ್ನು ತಿದ್ದುವುದು. ಇಪ್ಪತ್ತು ಮಂದಿಗೆ ಇದು ಶಕ್ಯ. ನೂರಿಪ್ಪತ್ತು ಮಂದಿ ಕುಳಿತರೆ ಮೊದಲು ನಿಲ್ಲುವುದು ತಿದ್ದುವಿಕೆ. ಬಳಿಕ ಉಳಿಯುವುದು ಟಿಪ್ಪಣಿಯ ಉಕ್ತಲೇಖನ, ಅಂಗಡಿಯ ಗೈಡು. ತರಗತಿಯನ್ನು ವಿಭಾಗಿಸಲು ಕೊಠಡಿಗಿಂತ ಮುಂಚೆ ಖಾಯಂ ಅಧ್ಯಾಪಕರು ಬೇಕು. ಕಟ್ಟಡಕ್ಕೆ ಉದಾರವಾಗಿ ಕೊಟ್ಟ ದಾನಿಗಳು ಒಂದು ಅಧ್ಯಾಪಕ ಹುದ್ದೆಯ ವೇತನಕ್ಕೂ ದತ್ತಿನಿಧಿಯನ್ನಿಡಬೇಕೆಂದು ನನ್ನ ಬಿನ್ನಹ.